ಹಿಂದಿನ ಸೀಟು

ಆಗಸ್ಟ್ 21, ಗುರುವಾರ

ಮತ್ತೆ ಬೆಳಗಿನ ಜಾವಕ್ಕೇ ಎಚ್ಚರ. ಅಮ್ಮನ ಮೊದಲ ಮಾತ್ರೆಯ ಹೊತ್ತು. ಅಮ್ಮ ಹೋಗಿ ನಾಲ್ಕು ತಿಂಗಳಾಯಿತು, ಈ ಶರೀರಕ್ಕೆ ಮಾತ್ರ ಇನ್ನೂ ಸುದ್ದಿ ಮುಟ್ಟಿಲ್ಲ. ಮುಖ ತೊಳೆಯಲು ಹೋಗುವಾಗ ಅಮ್ಮನ ರೂಮಿನ ಬಾಗಿಲಲ್ಲಿ ಕಾಲು ತಾನಾಗಿಯೇ ನಿಂತಿತು. ಬಾಡಿಗೆಗೆ ತಂದಿದ್ದ ಆಸ್ಪತ್ರೆ ಮಂಚ ವಾಪಸ್ಸು ಹೋಗಿದೆ. ಅದರ ಚಕ್ರ ನಿಂತಿದ್ದ ಜಾಗದಲ್ಲಿ ನೆಲದ ಮೇಲೆ ಗುಂಡಗಿನ ಕಲೆಗಳು. ಉಜ್ಜಿದರೂ ಹೋಗುವುದಿಲ್ಲ. ಉಜ್ಜುವುದನ್ನು ಬಿಟ್ಟಿದ್ದೇನೆ.

ಅಂಗಡಿಯಲ್ಲಿ ದಿನವಿಡೀ ಕನ್ನಡಕ. ಒಬ್ಬಾಕೆ ಗೋಡೆಯ ಮೇಲಿದ್ದ ಫ್ರೇಮುಗಳನ್ನೆಲ್ಲ ಹಾಕಿ ನೋಡಿ, ಕೊನೆಗೆ ಮೊದಲನೆಯದನ್ನೇ ತೆಗೆದುಕೊಂಡಳು. ಯಾವುದು ಹಾಕಿದರೂ ಮುಖ ದಪ್ಪ ಕಾಣುತ್ತದಂತೆ. ಕನ್ನಡಕ ತಾನೇ ಏನು ಮಾಡೀತು.

ಬಾಗಿಲು ಹಾಕುವ ಹೊತ್ತಿಗೆ ಯಜಮಾನರು ಕರೆದರು. ಪಕ್ಕದ ಊರಿನಲ್ಲಿ, ನದಿ ದಂಡೆಯ ಬೀದಿಯಲ್ಲಿ, ಇನ್ನೊಂದು ಅಂಗಡಿ ತೆರೆಯುತ್ತಿದ್ದಾರೆ.

"ಅದನ್ನ ನೀವೇ ನೋಡ್ಕೊಳ್ಳಿ. ಪೂರ್ತಿ ಜವಾಬ್ದಾರಿ ನಿಮ್ಮದೇ. ಮೇಲೊಂದು ಪುಟ್ಟ ಮನೇನೂ ಇದೆ," ಅಂದರು. "ಈಗ ಮನೆಗೆ ಓಡೋ ಗಡಿಬಿಡಿ ಇಲ್ವಲ್ಲ ನಿಮಗೆ."

ಇಷ್ಟು ವರ್ಷ ಅರ್ಧ ದಿನದವಳು ನಾನು. ಮಧ್ಯಾಹ್ನವಾದರೆ ಬ್ಯಾಗು ಹಿಡಿದು ಬಸ್ಸಿಗೆ ಓಡುವವಳು. ಅಮ್ಮ ಹೋದ ಮೇಲೆಯೇ ಸಂಜೆಯ ತನಕ ನಿಲ್ಲುತ್ತಿರುವುದು. "ಮುಂದಿನ ತಿಂಗಳು ಹೇಳ್ತೀನಿ ಸರ್," ಅಂದೆ. ಯಾಕೆ ಹಾಗಂದೆನೋ. ಒಳಗೆ ಹೂಂ ಹೂಂ ಅನ್ನುತ್ತಿತ್ತು. ಬೇರೆಯವರಿಗೆ ಹೂಂ ಅಂದು ಅಭ್ಯಾಸವಾದ ನಾಲಿಗೆ, ನನಗೋಸ್ಕರ ಅನ್ನಬೇಕಾದಾಗ ತಡವರಿಸಿತು.

ಮನೆ ತಲುಪುವಷ್ಟರಲ್ಲಿ ಅಕ್ಕನ ಫೋನು. ಭಾನುವಾರ ಬಿಟ್ಟು ಬೇರೆ ದಿನ ಅಕ್ಕ ಫೋನ್ ಮಾಡಿದರೆ ಎದೆ ಧಸಕ್ಕೆನ್ನುತ್ತದೆ.

"ಪುಟ್ಟೀ, ನಿನಗೊಂದು ಸರ್‌ಪ್ರೈಸು. ಬೇಡ ಅನ್ನಬಾರದು."

ನಲವತ್ತಾರು ವರ್ಷದ ಪುಟ್ಟಿ. ಇರಲಿ.

ಸಮುದ್ರ ತೀರದ ಟ್ರಿಪ್ಪಂತೆ. ಛತ್ರಿ, ಕುರ್ಚಿ, ಐಸ್‌ಕ್ರೀಮಿನ ತೀರವಲ್ಲ. ರಸ್ತೆಯೇ ಇಲ್ಲದ ಕಾಡು ತೀರ. ಜೊತೆಗೆ ಗೈಡ್. ಶುಕ್ರವಾರ ಬೆನ್ನಿಗೆ ಚೀಲ ಹೊತ್ತು ನಡೆಯುವುದು, ಶನಿವಾರ ಕಯಾಕು ಎಂಬ ಪುಟ್ಟ ದೋಣಿಯಲ್ಲಿ ಸುತ್ತುವುದು, ಭಾನುವಾರ ನಡೆದು ವಾಪಸ್ಸು. ಹೆಸರು ಬರೆಸಿಯೂ ಆಗಿದೆ.

"ಭಾವ, ಮಕ್ಕಳು?"

"ಯಾರೂ ಇಲ್ಲ. ನಾವಿಬ್ಬರೇ. ಅಮ್ಮನ್ನ ನೋಡ್ಕೊಂಡು ನೋಡ್ಕೊಂಡು ನೀನೂ ಮನೆ ಗೋಡೆ ಥರ ಆಗಿಬಿಟ್ಟಿದೀಯ ಕಣೇ. ಸ್ವಲ್ಪ ಗಾಳಿ ಆಡಲಿ."

ಒಂಬತ್ತು ವರ್ಷ. ಅಕ್ಕ ಅಮ್ಮನನ್ನು ನೋಡಲು ಬರುತ್ತಿದ್ದಳು, ಎರಡು ದಿನ ಇರುತ್ತಿದ್ದಳು, ಹೋಗುವಾಗ ನನ್ನನ್ನು ತಬ್ಬಿಕೊಂಡು "ನೀನು ದೇವತೆ" ಅನ್ನುತ್ತಿದ್ದಳು. ದೇವತೆ ಅನ್ನಿಸಿಕೊಂಡವರಿಗೆ ರಜೆ ಸಿಗುವುದಿಲ್ಲ.

ಆದರೂ... ನಾವಿಬ್ಬರೇ ಅಂದಳು. ಫೋನ್ ಇಟ್ಟ ಮೇಲೆ ಒಲೆಯ ಮುಂದೆ ನಿಂತು ಒಬ್ಬಳೇ ನಗುತ್ತಿದ್ದೆ. ಹಾಲು ಉಕ್ಕಿ ಚೆಲ್ಲಿತು.

ಆಗಸ್ಟ್ 30, ಶನಿವಾರ

ಶೂ ಕೊಂಡೆ. ಅಂಗಡಿಯ ಹುಡುಗಿ "ಆಂಟಿ, ಇದು ಬೆಟ್ಟ ಹತ್ತೋರಿಗೆ" ಅಂದಳು. "ನಾನೂ ಅದಕ್ಕೇ ಕೇಳ್ತಿರೋದು" ಅಂದೆ. ಅವಳ ಮುಖ ನೋಡುವಂತಿತ್ತು.

ಬೆಳಿಗ್ಗೆ ಸಂಜೆ ಕಟ್ಟಡದ ಮೆಟ್ಟಿಲು ಹತ್ತಿ ಇಳಿಯುತ್ತಿದ್ದೇನೆ, ಚೀಲದಲ್ಲಿ ನೀರಿನ ಬಾಟಲಿ ತುಂಬಿಕೊಂಡು. ಕೆಳಮನೆಯವರು ಲಿಫ್ಟ್ ಕೆಟ್ಟಿದೆಯೇನೋ ಎಂದುಕೊಂಡು ಕಂಪ್ಲೇಂಟ್ ಕೊಟ್ಟರಂತೆ.

ಹೋದ ಭಾನುವಾರ ಯಾರಿಗೂ ಹೇಳದೆ ಬಸ್ಸು ಹತ್ತಿ ಆ ಹೊಸ ಅಂಗಡಿ ನೋಡಿ ಬಂದೆ. ಬಾಗಿಲಿಗೆ ಬೀಗ. ಗಾಜಿಗೆ ಮುಖ ಒತ್ತಿ ಇಣುಕಿದೆ — ಖಾಲಿ ಕಪಾಟು, ನೆಲದ ಮೇಲೆ ಬಣ್ಣದ ಡಬ್ಬ. ಮೇಲಿನ ಮನೆಗೆ ಹಸಿರು ಚೌಕಟ್ಟಿನ ಒಂದು ಕಿಟಕಿ. ಕೆಳಗೆ ನದಿ. ಎದುರಿನ ಬೇಕರಿಯಲ್ಲಿ ಕೂತು ಕಾಫಿ ಕುಡಿಯುತ್ತಾ ಆ ಕಿಟಕಿಗೆ ಎಂಥ ಪರದೆ ಹಾಕಬೇಕೆಂದು ಯೋಚಿಸಿದೆ. ಕಾಫಿ ತಣ್ಣಗಾಗುವ ತನಕ.

ಅಕ್ಕನಿಗೆ ಇನ್ನೂ ಹೇಳಿಲ್ಲ. ಟ್ರಿಪ್ಪಿನಲ್ಲಿ ಹೇಳಬೇಕು. ಸಮುದ್ರ ನೋಡುತ್ತಾ ಕೂತು, ಏನೋ ಸಣ್ಣ ವಿಷಯ ಅನ್ನುವ ಹಾಗೆ — ಅಕ್ಕಾ, ನಾನು ಬೇರೆ ಊರಿಗೆ ಹೋಗ್ತಿದೀನಿ. ಅವಳ ಮುಖ ಹೇಗಾಗುತ್ತದೋ ನೋಡಬೇಕು.

ಸೆಪ್ಟೆಂಬರ್ 5, ಶುಕ್ರವಾರ, ಸಂಜೆ 6

ಡೇರೆಯ ಬಾಗಿಲಲ್ಲಿ ಕೂತು ಬರೆಯುತ್ತಿದ್ದೇನೆ. ಮುಂದೆ ಸಮುದ್ರ. ಭುಜದ ಮೇಲೆ ಚೀಲದ ಪಟ್ಟಿ ಒತ್ತಿ ಎರಡು ಕೆಂಪು ಬರೆ. ಆದರೂ ಖುಷಿ. ಬರೆದಿಡುತ್ತೇನೆ — ಖುಷಿ.

ಗೈಡ್ ಮೂವತ್ತರ ಹೆಂಗಸು, ಬಿಸಿಲಿಗೆ ಒಣಗಿದ ಮುಖ, ಮಾತು ಕಡಿಮೆ. ನಾವು ಒಟ್ಟು ಐದು ಜನ. ಬ್ಯಾಂಕಿನಿಂದ ರಿಟೈರ್ ಆದ ಮ್ಯಾನೇಜರು ಒಬ್ಬರು, ಹೆಂಡತಿ ಮನೆಯಿಂದ ಆಚೆ ಕಳಿಸಿದಳಂತೆ. ಹೊಸದಾಗಿ ಮದುವೆಯಾದ ಗಂಡ ಹೆಂಡತಿ, ಇಬ್ಬರದೂ ಒಂದೇ ಹಳದಿ ಜಾಕೆಟ್. ಅವರನ್ನು ನಾನು ಒಳಗೊಳಗೇ ಜೋಡಿ ಜಾಕೆಟ್ ಎಂದು ಕರೆಯುತ್ತೇನೆ. ಮತ್ತೆ ನಾವಿಬ್ಬರು.

ಬಸ್ಸು ಇಳಿದ ಕೂಡಲೇ ಗೈಡ್ ಎಲ್ಲರ ಚೀಲ ಕೈಯಲ್ಲಿ ಎತ್ತಿ ನೋಡಿದಳು. ಅಕ್ಕನದು ಎತ್ತುವಾಗ ಅವಳ ಹುಬ್ಬು ಮೇಲೆ ಹೋಯಿತು. ಬಿಚ್ಚಿಸಿದಳು. ಗಾಳಿ ತುಂಬುವ ದಿಂಬು, ಮುಖದ ಕ್ರೀಮು ಬೆಳಗಿನದೊಂದು ರಾತ್ರಿಯದೊಂದು, ತಲೆಗೂದಲಿನ ಬ್ರಷ್ಷು ಮೂರು, ಎರಡನೇ ಜೊತೆ ಶೂ.

"ಇಷ್ಟೂ ಹೊತ್ತು ಏಣಿ ಹತ್ತೋಕಾಗಲ್ಲ ಮೇಡಂ. ಅರ್ಧ ಇಲ್ಲೇ ಬಿಡಿ."

ಅಕ್ಕ ನನ್ನ ಕಡೆ ನೋಡಿದಳು. "ಪುಟ್ಟಿ ಚೀಲದಲ್ಲಿ ಜಾಗ ಇದೆ."

ಇತ್ತು. ತುಂಬಿಕೊಂಡೆ. ಮ್ಯಾನೇಜರು ಅದನ್ನು ನೋಡಿ ಕೆಮ್ಮಿದರು.

ದಾರಿ ಪೂರ್ತಿ ಕಾಡು. ಬೇರಿನ ಮೇಲೆ ಬೇರು, ಕಾಲಿಟ್ಟಲ್ಲಿ ಕೆಸರು. ಬಂಡೆ ಎದುರಾದಲ್ಲಿ ಮರದ ಏಣಿ. ಇಳಿದರೆ ಕಡಲತೀರ, ಮತ್ತೆ ಹತ್ತಿದರೆ ಕಾಡು. ಬಂಡೆ ಕಡಲಿಗೆ ಚಾಚಿದ ಒಂದು ಮೂಲೆಯನ್ನು ಸಮುದ್ರ ಇಳಿತದಲ್ಲಿದ್ದಾಗ ಮಾತ್ರ ದಾಟಬಹುದು. ಗೈಡ್ ಗಡಿಯಾರ ನೋಡಿ ನೋಡಿ ಓಡಿಸಿದಳು. ಅಕ್ಕ ಹಿಂದೆ ಬಿದ್ದಾಗಲೆಲ್ಲ ನಾನು ನಿಂತೆ. ಒಂದು ಏಣಿಯ ಮೇಲೆ ಅವಳಿಗೆ ನಗು ಬಂದು ಹತ್ತಲಾಗಲಿಲ್ಲ, ನನಗೂ ಬಂತು. ಸಣ್ಣವರಿದ್ದಾಗ ಬೈಸಿಕೊಂಡಾಗ ಬರುತ್ತಿದ್ದಂಥ ನಗು. ಕೆಳಗಿನಿಂದ ಜೋಡಿ ಜಾಕೆಟ್‌ಗಳು "ಆಂಟಿಯವರೇ, ಆಯ್ತಾ?" ಅಂತ ಕೂಗಿದ್ದಕ್ಕೆ ಇನ್ನೂ ಜಾಸ್ತಿ.

ಡೇರೆ ಕಟ್ಟಿದ ಮೇಲೆ ಅಕ್ಕ ನನ್ನ ಕಾಲನ್ನು ತನ್ನ ಮಡಿಲಿಗೆ ಎಳೆದುಕೊಂಡು ಆ ದುಬಾರಿ ಕ್ರೀಮನ್ನು ಅಂಗಾಲಿಗೆ ಹಚ್ಚಿದಳು. ರಾತ್ರಿಯದೋ ಬೆಳಗಿನದೋ ಗೊತ್ತಾಗಲಿಲ್ಲ. "ಎಷ್ಟು ಒಡೆದಿದೆಯೇ ಹಿಮ್ಮಡಿ," ಅಂದಳು. "ಯಾರೂ ನಿನ್ನ ನೋಡ್ಕೊಂಡಿಲ್ಲ ಅಲ್ವಾ."

ಮುಖ ಆ ಕಡೆ ತಿರುಗಿಸಿಕೊಂಡೆ. ನನ್ನ ಮೈಯನ್ನು ಇನ್ನೊಬ್ಬರ ಕೈ ಹೀಗೆ ಮುಟ್ಟಿ ಎಷ್ಟು ಕಾಲವಾಯಿತು. ಅಂಗಡಿಯ ವಿಷಯ ಆಗಲೇ ಹೇಳಬೇಕಿತ್ತು. ಬಾಯಿಗೆ ಬಂದಿತ್ತು. ಆದರೆ ಆ ಸುಖ ಇನ್ನೊಂದು ಸ್ವಲ್ಪ ಹೊತ್ತು ಇರಲಿ ಅನ್ನಿಸಿತು. ನಾಳೆ ಹೇಳುತ್ತೇನೆ.

ಸೆಪ್ಟೆಂಬರ್ 6, ಶನಿವಾರ, ಬೆಳಿಗ್ಗೆ

ಮಂಜು. ಸಮುದ್ರ ಕಾಣುವುದಿಲ್ಲ, ಸದ್ದು ಮಾತ್ರ. ಕಯಾಕುಗಳನ್ನು ಮೊದಲೇ ಇಲ್ಲಿ ತಂದು ಮರಕ್ಕೆ ಸರಪಳಿ ಬಿಗಿದು ಇಟ್ಟಿದ್ದಾರೆ. ಒಂದೊಂದರಲ್ಲೂ ಇಬ್ಬರು. ಮುಂದೆ ಕೂತವರು ಲಯ ಹಿಡಿಯಬೇಕು, ಹಿಂದೆ ಕೂತವರು ಕಾಲಿನ ಪೆಡಲು ಒತ್ತಿ ದಿಕ್ಕು ತಿರುಗಿಸಬೇಕು. ಹಿಂದಿನವರಿಗೆ ಮುಂದಿನವರ ಬೆನ್ನು ಬಿಟ್ಟು ಇನ್ನೇನೂ ಕಾಣುವುದಿಲ್ಲ.

"ಪುಟ್ಟಿ ಹಿಂದೆ ಕೂತ್ಕೊಳ್ಳಲಿ. ನನಗೆ ವ್ಯೂ ಬೇಕು," ಅಂದಳು ಅಕ್ಕ. ಎಲ್ಲರೂ ನಕ್ಕರು. ನಾನೂ.

ಸೊಂಟಕ್ಕೆ ರಬ್ಬರ್ ಸ್ಕರ್ಟು ಹಾಕಿ ಕಯಾಕಿನ ಬಾಯಿಗೆ ಸಿಕ್ಕಿಸಬೇಕು, ನೀರು ಒಳಗೆ ಬರದ ಹಾಗೆ. ಮ್ಯಾನೇಜರು ಅದನ್ನು ಹಾಕಿಕೊಂಡು ಒಂದು ಸುತ್ತು ತಿರುಗಿ ತೋರಿಸಿದರು. ಗೈಡ್ ಕರೆಯುತ್ತಿದ್ದಾಳೆ.

ಅದೇ ದಿನ, ಸಂಜೆ

ಬರೆಯದಿದ್ದರೆ ನಾಳೆಯ ಹೊತ್ತಿಗೆ ನನಗೆ ಬೇಕಾದ ಹಾಗೆ ನೆನಪು ಮಾಡಿಕೊಂಡುಬಿಡುತ್ತೇನೆ. ಆದ್ದರಿಂದ ಇದ್ದದ್ದನ್ನು ಇದ್ದ ಹಾಗೆ.

ಬೆಳಿಗ್ಗೆ ಚೆನ್ನಾಗಿತ್ತು. ಮಂಜು ಎದ್ದಿತು. ಬಂಡೆಗಳ ಮೇಲೆ ಸೀಲ್ ಪ್ರಾಣಿಗಳು ಬಿದ್ದುಕೊಂಡಿದ್ದವು, ಊಟ ಜಾಸ್ತಿಯಾದ ನೆಂಟರ ಹಾಗೆ. ಅಕ್ಕನಿಗೆ ಲಯ ಸಿಗಲೇ ಇಲ್ಲ. ನಾಲ್ಕು ಸಲ ಹುಟ್ಟು ಹಾಕಿ ಫೋಟೋ, ನಾಲ್ಕು ಸಲ ಹಾಕಿ ಫೋಟೋ. ನನ್ನ ತೋಳು ತಡೆದುಕೊಂಡಿತು. ಅಮ್ಮನನ್ನು ಎತ್ತಿ ಕೂರಿಸಿ ಮಲಗಿಸಿದ ತೋಳು.

ಮಧ್ಯಾಹ್ನ ಒಂದು ಪುಟ್ಟ ಕೊಲ್ಲಿಯಲ್ಲಿ ಊಟಕ್ಕೆ ನಿಂತೆವು. ಉಳಿದವರು ಆಚೆ ಬಂಡೆಯ ಮೇಲೆ. ನಾವಿಬ್ಬರು ಒಂದು ದಿಮ್ಮಿಯ ಮೇಲೆ ಬ್ರೆಡ್ಡು ಹಿಡಿದು ಕೂತಿದ್ದೆವು. ಈಗ ಹೇಳೋಣ ಎಂದು ಬಾಯಿ ತೆರೆದೆ. ಅಕ್ಕ ಮೊದಲು ಶುರು ಮಾಡಿದಳು.

"ನಮ್ಮತ್ತೆಗೆ ಈಗೀಗ ಏಳೋಕೇ ಆಗಲ್ಲ ಕಣೇ. ಒಂದು ಕಡೆ ಬಲವೇ ಇಲ್ಲ. ಸ್ನಾನ, ಬಟ್ಟೆ, ಎಲ್ಲಾ ನಾವೇ."

"ಹೌದಾ. ಪಾಪ."

"ಹೊರಗಿನವರನ್ನ ಇಟ್ರೆ ಅವರಿಗೆ ಆಗಲ್ಲ. ಇಬ್ಬರು ಬಿಟ್ಟು ಹೋದ್ರು. ಅವತ್ತು ಇವರೇ ಅಂದ್ರು — ಪುಟ್ಟಿ ಅಷ್ಟು ಚೆನ್ನಾಗಿ ಮಾಡಿದಾಳಲ್ಲ, ಈಗ ಫ್ರೀನೂ ಇದಾಳೆ, ಕೇಳಿ ನೋಡು ಅಂತ."

ಫ್ರೀ. ಬ್ರೆಡ್ಡನ್ನು ದಿಮ್ಮಿಯ ಮೇಲಿಟ್ಟೆ.

"ಮೇಲಿನ ರೂಮ್ ನಿನಗೇ ಅಂತ ಬಣ್ಣ ಹೊಡೆಸಿದೀವಿ. ತಿಳಿ ನೀಲಿ. ನಿನಗಿಷ್ಟ ಅಲ್ವಾ? ಒಬ್ಬಳೇ ಆ ಮನೇಲಿ ಏನು ಮಾಡ್ತೀಯ. ನಮ್ಮ ಜೊತೆ ಇದ್ದ ಹಾಗೂ ಆಯ್ತು."

"ನನಗೆ ಕೆಲಸ ಇದೆ ಅಕ್ಕ."

"ಕನ್ನಡಕ ಒರೆಸೋದು ಒಂದು ಕೆಲಸಾನೇನೇ? ಅದೂ ಅರ್ಧ ದಿನದ್ದು. ಅದರ ಯೋಚನೆ ನಿನಗೆ ಬೇಡ, ನಾನು ನೋಡ್ಕೋತೀನಿ."

ಅಲ್ಲಿಗೆ ನನ್ನ ಮಾತು ಮುಗಿಯಿತು. ಹಸಿರು ಕಿಟಕಿಯನ್ನು ಅವಳ ಮುಂದೆ ಬಿಚ್ಚಿಡಲು ಮನಸ್ಸು ಬರಲಿಲ್ಲ. ಅದನ್ನೂ ಒರೆಸಿಬಿಡುತ್ತಾಳೆ ಅನ್ನಿಸಿತು. ಇನ್ನೊಂದು ಮಾತ್ರ ಕೇಳಿದೆ.

"ಈ ಟ್ರಿಪ್ಪು ಇದಕ್ಕೇನಾ?"

"ಇದಕ್ಕೇ ಅಂತ ಯಾಕಂತೀಯ..." ಅವಳು ಮರಳನ್ನು ನೋಡಿದಳು. "ಒಳ್ಳೆ ಜಾಗಕ್ಕೆ ಕರ್ಕೊಂಡು ಹೋಗಿ ನಿಧಾನವಾಗಿ ಕೇಳು ಅಂದ್ರು ಇವರು. ನಿನಗೂ ಒಂದು ಚೇಂಜು ಅಲ್ವಾ."

ನಿನ್ನೆ ಅಂಗಾಲಿಗೆ ಹಚ್ಚಿದ ಕ್ರೀಮು. ಕಾಲನ್ನು ಶೂ ಸಮೇತ ಮರಳಿಗೆ ಉಜ್ಜಬೇಕು ಅನ್ನಿಸಿತು.

"ಆಗಲ್ಲ," ಅಂದೆ.

"ಈಗಲೇ ಹೇಳ್ಬೇಡ. ಯೋಚನೆ ಮಾಡು."

"ಯೋಚನೆ ಮಾಡಿದೆ. ಆಗಲ್ಲ."

ಅವಳು ನಕ್ಕಳು. ನಾನು ಸಣ್ಣವಳಿದ್ದಾಗ ಊಟ ಬೇಡ ಅಂದರೆ ನಗುತ್ತಿದ್ದಂತೆಯೇ. ಹಸಿವಾದರೆ ತಾನೇ ಬರುತ್ತಾಳೆ ಅನ್ನುವ ನಗು.

ವಾಪಸ್ಸು ಬರುವಾಗ ಗಾಳಿ ಎದ್ದಿತು. ಎದುರಿನಿಂದ. ಗೈಡ್ ಮೂರು ಕಯಾಕುಗಳನ್ನೂ ಹತ್ತಿರ ಇರಿಸಿಕೊಂಡು "ನಿಲ್ಲಿಸಬೇಡಿ, ಹಾಕ್ತಾ ಇರಿ" ಎಂದು ಕೂಗುತ್ತಿದ್ದಳು. ಸ್ವಲ್ಪ ಹೊತ್ತಿಗೆ ಅಕ್ಕ ಹುಟ್ಟನ್ನು ಮಡಿಲಲ್ಲಿ ಇಟ್ಟುಕೊಂಡಳು.

"ಕೈ ಸೋತುಹೋಯ್ತು ಪುಟ್ಟಿ."

ಇಬ್ಬರ ಪಾಲಿನ ನೀರನ್ನೂ ನಾನೇ ಎಳೆದೆ. ಅವಳ ಬೆನ್ನು ನೋಡುತ್ತಾ. ಒಂದೊಂದು ಎಳೆತಕ್ಕೂ ಏನೇನು ಅಂದುಕೊಂಡೆನೋ ಅದನ್ನು ಇಲ್ಲಿ ಬರೆಯುವುದಿಲ್ಲ.

ಡೇರೆಗಳ ಮುಂದಿನ ದಡಕ್ಕೆ ಬರುವಾಗ ಅಲೆ ದೊಡ್ಡದಾಗಿತ್ತು. ಗೈಡ್ ಮ್ಯಾನೇಜರ ಜೊತೆ ಮೊದಲು ದಡ ಮುಟ್ಟಿ, ಒಬ್ಬೊಬ್ಬರಿಗೆ ಕೈ ಬೀಸಿ ಕರೆದಳು. ಜೋಡಿ ಜಾಕೆಟ್‌ಗಳು ಬಂದರು. ನಮ್ಮ ಸರದಿ. ಇನ್ನೇನು ಮುಟ್ಟಬೇಕು, ಹಿಂದಿನಿಂದ ಒಂದು ಅಲೆ ಎತ್ತಿ ಅಡ್ಡ ತಿರುಗಿಸಿ ಮಗುಚಿಹಾಕಿತು.

ಮೂಗಿಗೆ ಉಪ್ಪು. ಸ್ಕರ್ಟಿನ ಪಟ್ಟಿ ಎಳೆದು ಹೊರಬಂದು ಎದ್ದು ನಿಂತೆ. ಸೊಂಟದಷ್ಟೇ ನೀರು. ಅಕ್ಕನೂ ಹೊರಬಂದಿದ್ದಳು, ಆದರೆ ಕಾಲು ನಿಲ್ಲುತ್ತಿರಲಿಲ್ಲ. ಲೈಫ್ ಜಾಕೆಟ್ಟು ಅವಳನ್ನು ಬೆಂಡಿನ ಹಾಗೆ ಮೇಲೆ ಕೆಳಗೆ ಮಾಡುತ್ತಿತ್ತು. ಕೂದಲು ಮುಖದ ತುಂಬ. ಕೈ ಚಾಚಿದಳು.

"ಪುಟ್ಟೀ, ಹಿಡ್ಕೋ!"

ನಾನು ನಿಂತಿದ್ದೆ.

ಒಂದು ಹೆಜ್ಜೆ ಮುಂದಿಟ್ಟಿದ್ದರೆ ಆ ಕೈ ಸಿಗುತ್ತಿತ್ತು. ಒಂಬತ್ತು ವರ್ಷ "ಹಿಡ್ಕೋ" ಅಂದ ತಕ್ಷಣ ತಾನಾಗಿ ಹೋಗುತ್ತಿದ್ದ ಈ ಕೈ, ಹೋಗಲಿಲ್ಲ. ಹೆದರಿಕೆಯಲ್ಲ. ಎಲ್ಲವೂ ಸ್ಪಷ್ಟವಾಗಿ ಕಾಣುತ್ತಿತ್ತು. ಅವಳ ಉಗುರಿನ ಬಣ್ಣ ಕೂಡ. ಅವಳೂ ನನ್ನನ್ನು ನೋಡಿದಳು. ನಾನು ನೋಡುತ್ತಿರುವುದನ್ನು ನೋಡಿದಳು.

ಇನ್ನೊಂದು ಅಲೆ ಬಂತು. ಮಗುಚಿದ ಕಯಾಕು ತಿರುಗಿ ಅವಳ ಮುಂಗೈಗೆ ಬಡಿಯಿತು. ಆ ಕೂಗು.

ಗೈಡ್ ಓಡಿಬಂದು ಎಳೆದುಕೊಂಡಳು. ಮುಂಗೈ ಆಗಲೇ ಊದಿತ್ತು. ಹಲಗೆ ಇಟ್ಟು ಕಟ್ಟಿದಳು. ಮೂಳೆ ಮುರಿದಿದೆ, ನಾಳೆ ನೀರೇರಿದಾಗ ಮೋಟಾರು ದೋಣಿ ಕರೆಸುತ್ತೇನೆ ಅಂದಳು, ರೇಡಿಯೋದಲ್ಲಿ ಮಾತಾಡಿದಳು.

ಆಮೇಲೆ ಮಾಡಬೇಕಾದದ್ದೆಲ್ಲ ಮಾಡಿದೆ. ಒದ್ದೆ ಬಟ್ಟೆ ಬಿಚ್ಚಿದೆ, ನೋವಿರುವ ಕೈಗೆ ಒಣ ಅಂಗಿಯ ತೋಳನ್ನು ಮೊದಲು ತೂರಿಸಿದೆ, ತಲೆ ಒರೆಸಿದೆ, ಮರದ ಹಿಂದೆ ಕರೆದುಕೊಂಡು ಹೋಗಿ ಪ್ಯಾಂಟು ಇಳಿಸಿ ಕೂರಿಸಿದೆ, ಎಬ್ಬಿಸಿದೆ. ಗೈಡ್ ನೋಡುತ್ತಿದ್ದಳು.

"ನೀವು ನರ್ಸಾ?"

"ಅಲ್ಲ. ತಂಗಿ."

ಸೂಪು ಕೊಡುವಾಗ ಅವಳು ಮೆಲ್ಲಗೆ ಅಂದಳು: "ತಲೆ ಕೆಡಿಸ್ಕೋಬೇಡಿ. ತಣ್ಣೀರಿಗೆ ಬಿದ್ದವರು ಎಷ್ಟೋ ಸಲ ಹಾಗೆ ಕಲ್ಲಾಗಿ ನಿಂತುಬಿಡ್ತಾರೆ. ನಿಮ್ಮ ತಪ್ಪಲ್ಲ."

"ಹೂಂ," ಅಂದೆ. ಅವಳು ಕೊಟ್ಟ ನೆಪವನ್ನು ಸೂಪಿನ ಜೊತೆ ಕುಡಿದೆ. ಆದರೆ ತಣ್ಣೀರಲ್ಲ. ನನಗೆ ಗೊತ್ತು. ಅಕ್ಕನಿಗೂ ಗೊತ್ತು. ಡೇರೆಯೊಳಗೆ ಅತ್ತ ತಿರುಗಿ ಮಲಗಿದ್ದಾಳೆ.

ಸೆಪ್ಟೆಂಬರ್ 7, ಭಾನುವಾರ, ಬಸ್ಸಿನಲ್ಲಿ

ದೋಣಿ ಬಂತು. ದೋಣಿಯವನು ಇಬ್ಬರಿಗೆ ಜಾಗವಿದೆ ಅಂದ. ಗೈಡ್ ನನ್ನ ಚೀಲವನ್ನು ಆಗಲೇ ಎತ್ತಿದ್ದಳು.

"ನಾನು ನಡೆದು ಬರ್ತೀನಿ," ಅಂದೆ.

ಗೈಡ್ ಚೀಲ ಕೆಳಗಿಟ್ಟಳು. ಅಕ್ಕ ಬಂಡೆಯ ಮೇಲೆ ಕೂತಿದ್ದಳು, ಕೈಯನ್ನು ಕತ್ತಿನಿಂದ ಇಳಿಬಿಟ್ಟ ಬಟ್ಟೆಯಲ್ಲಿ ಇಟ್ಟುಕೊಂಡು. ಬೆಳಿಗ್ಗೆಯಿಂದ ಮೊದಲ ಸಲ ಬಾಯಿ ಬಿಟ್ಟಳು.

"ನಿನ್ನೆ ನೀನು ಬರಲಿಲ್ಲ ಪುಟ್ಟಿ. ಇವತ್ತೂ ಬರಲ್ವಾ?"

ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಮ್ಯಾನೇಜರು ಎದ್ದು ನಿಂತರು. "ನನ್ನ ಮಂಡಿ ನಿನ್ನೇನೇ ರಾಜೀನಾಮೆ ಕೊಟ್ಟಿದೆ. ನಾನು ಹೋಗ್ತೀನಿ ಅವರ ಜೊತೆ. ನೀವು ನಡೀರಿ." ನನ್ನ ಮುಖ ನೋಡದೆಯೇ ಹೇಳಿದರು. ಕರುಣೆಯೋ ಹೇಸಿಗೆಯೋ ತಿಳಿಯಲಿಲ್ಲ.

ದೋಣಿ ಹೊರಟಿತು. ಅಕ್ಕ ತಿರುಗಿ ನೋಡಲಿಲ್ಲ. ನಾನು ಆ ಬೆನ್ನನ್ನೇ ನೋಡಿದೆ, ಅದು ಬಂಡೆಯ ಹಿಂದೆ ಮರೆಯಾಗುವ ತನಕ.

ನಡೆದೆ. ಏಣಿ ಹತ್ತಿದೆ, ಇಳಿದೆ. ಕಾಲು ಗಟ್ಟಿಯಾಗಿತ್ತು, ಯಾರಿಗಾಗಿಯೂ ನಿಲ್ಲಬೇಕಾಗಿರಲಿಲ್ಲ. ಮೂಲೆ ದಾಟುವಾಗ ಜೋಡಿ ಜಾಕೆಟ್‌ಗಳಿಗಿಂತ ಮುಂದಿದ್ದೆ. ಹೀಗೆ ನಡೆಯಬಲ್ಲೆ ಎಂದು ನನಗೇ ಗೊತ್ತಿರಲಿಲ್ಲ. ಸಂತೋಷ ಪಡಬೇಕಿತ್ತು. ಒಂದು ಕಡೆ ಮರಕ್ಕೆ ಒರಗಿ ನಿಂತು ಅತ್ತೆ. ಆಮೇಲೆ ಮತ್ತೆ ನಡೆದೆ.

ದಾರಿಯ ಕೊನೆಯಲ್ಲಿದ್ದ ಟ್ರಿಪ್ಪಿನವರ ಆಫೀಸಿನಲ್ಲಿ ಕೌಂಟರಿನ ಹುಡುಗಿ ಹೇಳಿದಳು: "ನಿಮ್ಮ ಭಾವ ಬಂದು ಅವರನ್ನ ಆಸ್ಪತ್ರೆಗೆ ಕರ್ಕೊಂಡು ಹೋದ್ರು. ನೀವು ಬಸ್ಸಲ್ಲಿ ಬರಬೇಕಂತೆ."

ಬಸ್ಸಲ್ಲೇ ಇದ್ದೇನೆ. ಇರಲಿ. ನಾಳೆ ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಯಜಮಾನರಿಗೆ ಹೂಂ ಅನ್ನುತ್ತೇನೆ. ಇಷ್ಟೆಲ್ಲ ಆದ ಮೇಲೆ ಅದೊಂದಾದರೂ —

ಸೆಪ್ಟೆಂಬರ್ 8, ಸೋಮವಾರ

ಇವತ್ತು ಬರೆಯಲಾರೆ.

ಸೆಪ್ಟೆಂಬರ್ 11, ಗುರುವಾರ

ಈಗ ಬರೆಯಬಹುದು.

ಸೋಮವಾರ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಹೋಗಿದ್ದೆ. ಯಜಮಾನರು ಲೆನ್ಸ್ ಒರೆಸುತ್ತಾ ಕೂತಿದ್ದರು. "ಸರ್, ಹೊಸ ಅಂಗಡಿ... ನಾನು ರೆಡಿ," ಅಂದೆ.

ಅವರ ಕೈ ನಿಂತಿತು. "ರೆಡಿನಾ? ನೀವು ಹೊರಡ್ತಿದೀರಲ್ಲ?"

"ಎಲ್ಲಿಗೆ?"

"ನಿಮ್ಮ ಅಕ್ಕ ಫೋನ್ ಮಾಡಿದ್ರಲ್ಲ, ನೀವು ರಜೆ ಹೋಗೋ ಹಿಂದಿನ ದಿನ. ಇನ್ಮೇಲೆ ತಂಗಿ ನಮ್ಮನೇಲೇ ಇರ್ತಾಳೆ, ಅವಳಿಗೆ ಹೇಳೋಕೆ ಸಂಕೋಚ, ದಯವಿಟ್ಟು ಬಿಟ್ಟುಕೊಡಿ ಅಂದ್ರು. ಒಳ್ಳೆ ಮಾತಲ್ಲಿ ಕೇಳಿದ್ರು. ನಾನು ಶನಿವಾರ ಇನ್ನೊಬ್ಬರಿಗೆ ಮಾತು ಕೊಟ್ಟುಬಿಟ್ಟೆ. ಅವರು ತಮ್ಮ ಹಳೇ ಕೆಲಸ ಬಿಟ್ಟೂ ಆಯ್ತು."

ಶನಿವಾರ. ನಾನು ಅವಳ ಪಾಲಿನ ನೀರನ್ನೂ ಎಳೆಯುತ್ತಿದ್ದ ದಿನ.

"ಇಲ್ಲಿನ ಕೆಲಸ ಎಲ್ಲೂ ಹೋಗಲ್ಲ, ನಿಮ್ಮದೇ," ಅಂದರು. ಒಳ್ಳೆಯ ಮನುಷ್ಯ. ಅವರ ಮೇಲೆ ಕೋಪ ಮಾಡಿಕೊಳ್ಳಲೂ ಆಗುವುದಿಲ್ಲ.

ನಿನ್ನೆ ಅಕ್ಕನಿಗೆ ಫೋನ್ ಮಾಡಿದೆ. ಕೈ ಹೇಗಿದೆ ಎಂದೂ ಕೇಳಲಿಲ್ಲ.

"ನನ್ನ ಅಂಗಡಿಗೆ ಯಾಕೆ ಫೋನ್ ಮಾಡಿದೆ?"

"ಒಳ್ಳೇದಕ್ಕೇ ಕಣೇ. ನೀನು ಬಾಯಿ ಬಿಟ್ಟು ಹೇಳಲ್ಲ ಅಂತ ನಾನೇ..."

"ನನ್ನನ್ನ ಕೇಳೋಕೆ ಮೊದಲೇ?"

"ನೀನು ಬೇಡ ಅಂತೀಯ ಅಂತ ನನಗೇನು ಗೊತ್ತು? ಯಾವತ್ತು ಬೇಡ ಅಂದಿದೀಯ ನೀನು?"

ಅದು ನಿಜ. ಹೊಸ ಅಂಗಡಿ, ಮೇಲಿನ ಮನೆ, ಎಲ್ಲ ಹೇಳಿದೆ.

"ನನಗೆ ಹೇಳಲೇ ಇಲ್ಲವಲ್ಲ," ಅಂದಳು. ಆಮೇಲೆ ದನಿ ಬದಲಾಯಿತು. "ಹೋಗ್ಲಿ. ನೀನು ನೀರಲ್ಲಿ ನಿಂತು ನೋಡ್ತಿದ್ದೆಯಲ್ಲ, ನಾನು ಅದನ್ನ ಯಾರಿಗಾದ್ರೂ ಹೇಳಿದೀನಾ?"

ಫೋನ್ ಇಟ್ಟೆ.

ಇವತ್ತು ಬೆಳಿಗ್ಗೆ ಚಿಕ್ಕಮ್ಮನ ಫೋನು. "ಏನೇ, ಒಡಹುಟ್ಟಿದವಳು ಮುಳುಗ್ತಿದ್ರೆ ಕೈ ಕಟ್ಟಿ ನಿಂತಿದ್ದೆಯಂತೆ?"

ಸೊಂಟದಷ್ಟು ನೀರು ಚಿಕ್ಕಮ್ಮನ ಹತ್ತಿರ ತಲುಪುವಷ್ಟರಲ್ಲಿ ತಲೆ ಮುಳುಗುವಷ್ಟಾಗಿದೆ. ಕೈ ಕಟ್ಟಿರಲಿಲ್ಲ ಅನ್ನಲೇ? ಕೈ ಖಾಲಿ ಇತ್ತು. ಅದು ಇನ್ನೂ ಕೆಟ್ಟದ್ದು.

ಸೆಪ್ಟೆಂಬರ್ 20, ಶನಿವಾರ

ಹೊಸ ಅಂಗಡಿ ತೆರೆಯಿತು. ಫ್ರೇಮುಗಳ ಪೆಟ್ಟಿಗೆ ಜೋಡಿಸಿಕೊಡಲು ನನ್ನನ್ನೂ ಕರೆದೊಯ್ದಿದ್ದರು. ಅಲ್ಲಿಗೆ ಬಂದವಳು ಚುರುಕಾದ ಹೆಂಗಸು, ನನ್ನಷ್ಟೇ ವಯಸ್ಸು. "ಮೇಲೆ ಬನ್ನಿ, ಮನೆ ನೋಡಿ," ಅಂತ ಕೈ ಹಿಡಿದು ಎಳೆದಳು. ಹೋಗಲಿಲ್ಲ. ತಲೆನೋವು ಅಂದೆ. ಹಸಿರು ಕಿಟಕಿಗೆ ಹೂವಿನ ಪರದೆ ಹಾಕಿದ್ದಾಳೆ. ಆ ಕಿಟಕಿಗೆ ಹೊಂದುವುದೇ ಇಲ್ಲ.

ಯಾರೂ ಫೋನ್ ಮಾಡುತ್ತಿಲ್ಲ. ನೆಂಟರ ಲೆಕ್ಕದಲ್ಲಿ ನಾನು ದೇವತೆಯಿಂದ ದೆವ್ವಕ್ಕೆ ವರ್ಗವಾಗಿದ್ದೇನೆ. ಒಂದು ಲಾಭ — ರಜೆ ಸಿಕ್ಕಿದೆ.

ಸೆಪ್ಟೆಂಬರ್ 27, ಶನಿವಾರ, ಮಧ್ಯಾಹ್ನ

ಊಟಕ್ಕೆ ಕೂತಾಗ ಭಾವನ ಮೆಸೇಜು. ಆ ಟ್ರಿಪ್ಪಿನ ಮೇಲೆ ಮೊದಲನೆಯದು. ನಮ್ಮಮ್ಮನಿಗೆ ನರ್ಸ್ ಸಿಕ್ಕಿದ್ದಾಳೆ. ನಿಮ್ಮ ಅಕ್ಕನಿಗೆ ಒಂದು ಕೈಯಲ್ಲಿ ಏನೂ ಆಗುವುದಿಲ್ಲ, ಇಬ್ಬರನ್ನೂ ಸುಧಾರಿಸಲು ಇಲ್ಲಿ ಯಾರೂ ಇಲ್ಲ. ಪ್ಲಾಸ್ಟರ್ ಬಿಚ್ಚುವ ತನಕ ನಿಮ್ಮಲ್ಲಿಗೆ ಕಳಿಸುತ್ತಿದ್ದೇನೆ. ನೋಡಿಕೊಳ್ಳಿ.

ಕೇಳಿಲ್ಲ. ಕಳಿಸುತ್ತಿದ್ದೇನೆ ಅಂದಿದ್ದಾರೆ. ಪಾರ್ಸೆಲ್ಲಿನ ಹಾಗೆ.

ಆಗಲ್ಲ ಎಂದು ಟೈಪ್ ಮಾಡಿದೆ. ಅಳಿಸಿದೆ. ಮತ್ತೆ ಮಾಡಿದೆ. ಅಷ್ಟರಲ್ಲಿ ಕೆಳಗಿನ ಬೀದಿ ಬಾಗಿಲಿನ ಬೆಲ್ಲು.

ಕಿಟಕಿಯಿಂದ ಬಗ್ಗಿ ನೋಡಿದೆ. ಅಕ್ಕ. ಪಕ್ಕದಲ್ಲಿ ಸೂಟ್‌ಕೇಸು. ಜೊತೆಗೆ ಯಾರೂ ಇಲ್ಲ, ಬಸ್ಸಿನಲ್ಲೇ ಬಂದಿರಬೇಕು. ಕೂದಲು ಬಾಚಿಲ್ಲ — ಅಕ್ಕನ ಕೂದಲನ್ನು ಹಾಗೆ ನಾನು ಒಮ್ಮೆಯೂ ನೋಡಿಲ್ಲ. ಕೋಟಿನ ಗುಂಡಿ ಮೇಲಿನದು ಕೆಳಗೆ, ಕೆಳಗಿನದು ಮೇಲೆ. ಅವಳ ಮನೆಯಲ್ಲಿ ನಾಲ್ಕು ಜನರಿದ್ದಾರೆ. ಒಬ್ಬರೂ ಒಂದು ಗುಂಡಿ ಸರಿ ಮಾಡಿ ಕಳಿಸಿಲ್ಲ.

ಬಂದು ಮತ್ತೆ ಈ ಮೇಜಿನ ಮುಂದೆ ಕೂತಿದ್ದೇನೆ. ಬೆಲ್ಲು ಎರಡನೇ ಸಲ. ಕರುಣೆ ಬರುತ್ತಿದೆ, ಅದಕ್ಕೇ ಸಿಟ್ಟು ಬರುತ್ತಿದೆ. ನನ್ನ ಅಂಗಡಿ ಹೋಯಿತು, ಹಸಿರು ಕಿಟಕಿ ಹೋಯಿತು, ಈಗ ಅವಳು ಬಂದಿದ್ದಾಳೆ. ಬಾಗಿಲು ತೆಗೆದರೆ ಏನಾಗುತ್ತದೆ ಎಂದು ಗೊತ್ತಿದೆ. ಮೊದಲು ಗುಂಡಿ. ಆಮೇಲೆ ಕೂದಲು. ಆಮೇಲೆ ಅಮ್ಮನ ರೂಮಿನಲ್ಲಿ ಹಾಸಿಗೆ. ಪ್ಲಾಸ್ಟರ್ ಬಿಚ್ಚುವ ಹೊತ್ತಿಗೆ ಅವಳಿಗೆ ಇನ್ನೇನೋ ನೆನಪಾಗುತ್ತದೆ.

ಈಗ ಬೀದಿಯಿಂದಲೇ ಕೂಗುತ್ತಿದ್ದಾಳೆ. "ಪುಟ್ಟೀ... ನೀನು ಒಳಗಿದೀಯ ಅಂತ ಗೊತ್ತು ಕಣೇ. ಕೈ ನೋಯ್ತಿದೆ."

ನೋಯಲಿ. ಕೆಳಮನೆಯವರು ಇಣುಕಿ ನೋಡಲಿ, ಚಿಕ್ಕಮ್ಮನಿಗೆ ಸುದ್ದಿ ಹೋಗಲಿ. ಇವತ್ತು ನಾನು ಏಳುವುದಿಲ್ಲ. ಈ ಪುಟ ತುಂಬುವ ತನಕ ಬರೆಯುತ್ತಲೇ ಇರುತ್ತೇನೆ, ಬಾಗಿಲು ತೆಗೆಯು —